ಹತ್ತರ ಡಬ್ಬಿ

ಸೆಪ್ಟೆಂಬರ್ 14

ಸಭೆಗೆ ನನ್ನ ನಮಸ್ಕಾರ.

ಈ ದುರಸ್ತಿ ಶಾಲೆಗೆ ಮಹಡಿಯ ಎರಡು ಕೋಣೆಗಳನ್ನು ಬಿಟ್ಟುಕೊಟ್ಟ ಹಿರಿಯರಿಗೆ, ಏಳು ಮೇಜುಗಳನ್ನು ಹೆಗಲ ಮೇಲೆ ಹೊತ್ತು ಆ ಕಡಿದಾದ ಮೆಟ್ಟಿಲು ಹತ್ತಿದ ಹಿರಿಯರಿಗೆ, ಕೆಟ್ಟದ್ದನ್ನು ಎಸೆಯುವ ಮೊದಲು ಒಮ್ಮೆ ಬಿಚ್ಚಿ ನೋಡು ಎಂದು ನನಗೆ ಕಲಿಸಿ ಈಗ ನಮ್ಮೊಡನಿಲ್ಲದ ಹಿರಿಯರಿಗೆ ಮೊದಲ ಕೃತಜ್ಞತೆ. ಆರು ವಾರಗಳಿಂದ ಮುಚ್ಚಿದ್ದ ಬಾಗಿಲು ಇಂದು ತೆರೆದಿದೆ. ಹೊಸದಾಗಿ ಸೇರಿದ ಹನ್ನೊಂದು ಮಂದಿ ಎಳೆಯರು ಮುಂದಿನ ಸಾಲಿನಲ್ಲಿ ಕುಳಿತಿದ್ದೀರಿ. ನಿಮ್ಮ ಕೈಗಳನ್ನು ನೋಡಿದರೆ, ಇಷ್ಟೆಲ್ಲ ಆದ ಮೇಲೂ, ನನ್ನಲ್ಲಿ ಆಸೆ ಚಿಗುರುತ್ತದೆ.

ಆದರೆ ನಿಮ್ಮ ಕೈಗೆ ಸ್ಕ್ರೂಡ್ರೈವರ್ ಕೊಡುವ ಮೊದಲು ಕೆಲವು ಪತ್ರಗಳನ್ನು ಕೇಳಿಸಬೇಕಾಗಿದೆ. ಅವು ನನ್ನ ಮತ್ತು ನನ್ನ ತಮ್ಮನ ಮಗಳ ನಡುವೆ ನಡೆದವು, ಒಂದು ಮಾತ್ರ ನನ್ನ ಅಕ್ಕನದು. ಹಿಡಿದದ್ದನ್ನು ಬಿಡದವಳಾದ್ದರಿಂದ ಇಲ್ಲಿ ಎಲ್ಲರೂ ಅವಳನ್ನು ‘ಇಕ್ಕಳ’ ಎಂದೇ ಕರೆದರು. ಆ ಹೆಸರಿಟ್ಟವನು ನಾನೇ. ಅವಳು ಇಲ್ಲಿ ಮೂರು ವರ್ಷ ಕಲಿತಳು, ಎರಡು ವರ್ಷ ಕಲಿಸಿದಳು. ಪತ್ರಗಳನ್ನು ಓದಲು ಅನುಮತಿ ಕೇಳಿದಾಗ ಅವಳು ಹಾಕಿದ ಷರತ್ತು ಒಂದೇ: ಒಂದು ಸಾಲೂ ಬಿಡಬಾರದು, ಬೈಗುಳವೂ ಸೇರಿ.

ನನ್ನ ದನಿ ನಡುವೆ ಕೈಕೊಡಬಹುದು. ಆದ್ದರಿಂದ ಮುಂದಿನ ಸಾಲಿನ ಯಾರಾದರೂ ಒಬ್ಬರು ಎದ್ದು ಗಟ್ಟಿಯಾಗಿ ಓದಿ. ಮೂರನೆಯ ಮೇಜಿನ ಕಡೆಗೆ ಸದ್ಯ ಯಾರೂ ತಿರುಗಿ ನೋಡಬೇಡಿ.

ಬೆಸುಗೆ ಮೇಷ್ಟ್ರು


ಮೇ 6

ಇಕ್ಕಳಳಿಗೆ,

‘ಆಶೀರ್ವಾದಗಳು’ ಎಂದು ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಗಮನಿಸು.

ಈಗಷ್ಟೇ ಆಸ್ಪತ್ರೆಯಿಂದ ಬಂದೆ. ನನ್ನ ಅಕ್ಕನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ಚರ್ಮ ಬಿಳಿ ಬಟ್ಟೆಯೊಳಗಿದೆ. ಮೂವತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ದುಡಿದ ಕೈ ಅದು. ಮತ್ತೆ ಸೂಜಿ ಹಿಡಿಯಬಲ್ಲಳೇ ಎಂದು ಕೇಳಿದರೆ ವೈದ್ಯರು “ನೋಡೋಣ” ಎಂದರು. ಆ ‘ನೋಡೋಣ’ದಲ್ಲಿ ಭರವಸೆ ಎಷ್ಟು ಕಡಿಮೆಯಿತ್ತೆಂದು ನನಗೆ ತಿಳಿಯಿತು.

ಅವಳ ಹೊಲಿಗೆ ದೀಪದ ಅಡಾಪ್ಟರ್ ಮಾರ್ಚ್ ತಿಂಗಳಿನಲ್ಲಿ ನಿನ್ನ ಮೇಜಿನ ಮೇಲೆ ದುರಸ್ತಿಯಾಯಿತು. ಪೆಟ್ಟಿಗೆಯನ್ನು ಅಂಟಿಸಿ ಮುಚ್ಚುವ ಮೊದಲು ತಾರೀಖನ್ನೂ ತಮ್ಮ ಗುರುತನ್ನೂ ಬರೆದ ಚೀಟಿಯನ್ನು ಒಳಗಿಡುವುದು ನಮ್ಮ ಶಾಲೆಯ ಪದ್ಧತಿ. ನಿನ್ನ ಚೀಟಿ ಬೂದಿಯಾಗಿದೆ. ಆದರೆ ಅದನ್ನು ಕೊಟ್ಟದ್ದು ನಿನ್ನ ಕೈಗೇ, ಪಡೆದದ್ದೂ ನಿನ್ನ ಕೈಯಿಂದಲೇ ಎಂದು ಅಕ್ಕ ಹೇಳಿದಳು.

ಸುಟ್ಟ ಪೆಟ್ಟಿಗೆಯನ್ನು ಬಿಡಿಸಿ ನೋಡಿದೆ. ಗೋಡೆಯ ಕರೆಂಟು ಒಳಬರುವ ಬಾಗಿಲಿನಲ್ಲೇ ಕೂರುವ ಆ ಸಣ್ಣ ರೆಸಿಸ್ಟರನ್ನು ನಾನು ನಿಮಗೆಲ್ಲ ‘ಕಾವಲುಗಾರ’ ಎಂದು ಹೇಳಿಕೊಟ್ಟಿದ್ದೆ. ಒಳಗೆ ಏನೇ ಕೆಟ್ಟರೂ ಅವನು ಸದ್ದಿಲ್ಲದೆ ತುಂಡಾಗಿ ಕರೆಂಟನ್ನು ಅಲ್ಲಿಯೇ ನಿಲ್ಲಿಸಬೇಕು. ಇಲ್ಲಿ ಅವನು ತುಂಡಾಗಲಿಲ್ಲ. ಕೆಂಪಗೆ ಕಾದು ಒಳಗಿನ ಸರ್ಕ್ಯೂಟ್ ಹಲಗೆಗೆ ಬೆಂಕಿ ಹಚ್ಚಿದ್ದಾನೆ. ಅಂದರೆ ಅವನು ಕಾವಲುಗಾರನೇ ಅಲ್ಲ. ಎಳೆಯರ ಅಭ್ಯಾಸಕ್ಕೆಂದು ಇಟ್ಟ ಸಾಧಾರಣ ರೆಸಿಸ್ಟರನ್ನು ನೀನು ಅಲ್ಲಿ ಕೂರಿಸಿದ್ದೀ. ಸ್ವಂತ ಅತ್ತೆಯ ಮನೆಗೆ!

ಎಲ್ಲರ ಗುರುತುಗಳಿರುವ ಗೋಡೆಯ ಹಲಗೆಯಿಂದ ನಿನ್ನ ಇಕ್ಕಳದ ಗುರುತನ್ನು ಕೆರೆದು ತೆಗೆದಿದ್ದೇನೆ. ಎಲ್ಲರೂ ನೋಡುತ್ತಿದ್ದರು, ನೋಡಲಿ ಎಂದೇ ಕೆರೆದೆ. ನಿನ್ನ ಸ್ಟೂಲು ಮೆಟ್ಟಿಲ ಕೆಳಗಿದೆ. ಇನ್ನು ಮೇಲೆ ಬರಬೇಡ. ಬೇರೆ ದುರಸ್ತಿ ಅಂಗಡಿಗಳಿಗೂ ತಿಳಿಸಿದ್ದೇನೆ. ಇಂಥ ಕೈ ಇನ್ನೊಂದು ಮನೆಯ ಪೆಟ್ಟಿಗೆಯನ್ನು ಮುಟ್ಟಬಾರದು.

ನಿನಗೆ ಇನ್ನು ದೊಡ್ಡಪ್ಪನಲ್ಲದ,
ಬೆಸುಗೆ ಮೇಷ್ಟ್ರು


ಮೇ 11

ಮೇಷ್ಟ್ರಿಗೆ,

ದೊಡ್ಡಪ್ಪ ಅನ್ನಬಾರದು ಅಂತ ತಾನೇ? ಆಯ್ತು ಬಿಡಿ, ಒಂದು ಪದ ಉಳೀತು.

ಅತ್ತೆ ಕೈ ನೋಡ್ಕೊಂಡು ಬಂದೆ. ನೀವು ಬರೋ ಹೊತ್ತು ತಪ್ಪಿಸಿ ಹೋಗಿದ್ದೆ. ಅವರು ನನ್ನ ತಲೆ ಸವರೋಕೆ ಎಡಗೈ ಎತ್ತಿದ್ರು. ಅಷ್ಟು ಹೊತ್ತು ತಡೆದಿದ್ದೆ, ಆಮೇಲೆ ಆಗಲಿಲ್ಲ. ಅದು ನಿಮಗೆ ಸಂಬಂಧಪಟ್ಟದ್ದಲ್ಲ.

ಆ ರೆಸಿಸ್ಟರ್ ಹಾಕಿದ್ದು ನಾನೇ. ಸುಳ್ಳು ಹೇಳಲ್ಲ. ಎಲ್ಲಿಂದ ತೆಗೆದೆ ಅಂತ ಕೇಳೋ ಸೌಜನ್ಯ ನಿಮಗಿಲ್ಲ, ನಾನೇ ಹೇಳ್ತೀನಿ. ನಿಮ್ಮ ಹತ್ತರ ಡಬ್ಬಿಯಿಂದ. ಮೂರನೇ ಅರೆಯಲ್ಲಿ, ನಿಮ್ಮದೇ ದುಂಡು ಅಕ್ಷರದಲ್ಲಿ ‘10’ ಅಂತ ಬರೆದಿರೋ ನೀಲಿ ಡಬ್ಬಿ. ಮೀಟರ್ ಇಟ್ಟು ಅಳೆದೆ, ಹತ್ತು ಓಮ್ ಬಂತು. ಬಣ್ಣದ ಪಟ್ಟಿ ನೋಡಿದೆ, ಸರಿ ಇತ್ತು. ಕೂರಿಸಿದೆ. ನೀವು ಕಲಿಸಿದ ಹಾಗೇ.

ಹೋದ ವರ್ಷ ಜನವರಿ ನೆನಪು ಮಾಡ್ಕೊಳ್ಳಿ. ಶೆಲ್ಫ್ ಒಪ್ಪ ಮಾಡ್ತೀನಿ ಅಂತ ನಿಂತಿದ್ರಿ. ಎರಡು ಪೊಟ್ಟಣ ಇತ್ತು. ಎರಡೂ ಹತ್ತು ಓಮ್‌ದೇ. ಎರಡನ್ನೂ ಒಂದೇ ಡಬ್ಬಿಗೆ ಸುರಿದ್ರಿ. ನಾನು ಪಕ್ಕದಲ್ಲೇ ಇದ್ದೆ. “ದೊಡ್ಡಪ್ಪ, ಪೊಟ್ಟಣದ ಮೇಲೆ ಬೇರೆ ಬೇರೆ ಬರೆದಿದೆ” ಅಂದೆ. ನೀವು ಏನಂದ್ರಿ? “ಲೇಬಲ್ ಓದೋದು ಮಾರೋರ ಕೆಲಸ ಕಣಮ್ಮ, ನೀನು ಬಣ್ಣ ಓದೋದು ಕಲಿ.” ಏಳು ಮೇಜೂ ನಕ್ಕಿತು. ನಾನೂ ನಕ್ಕೆ, ಇನ್ನೇನು ಮಾಡಲಿ.

ಡಬ್ಬಿನ ಒಂದು ಬಿಳಿ ಬಟ್ಟೆ ಮೇಲೆ ಸುರಿಯಿರಿ. ಒಂದಿಪ್ಪತ್ತು ತೆಗೆದು ಗಾಜಿನ ಹಿಂದೆ ಇಟ್ಟು ಹೆಚ್ಚು ಕರೆಂಟು ಹಾಯಿಸಿ. ಯಾವುದು ತುಂಡಾಗುತ್ತೆ, ಯಾವುದು ಉರಿಯುತ್ತೆ, ನಿಮ್ಮ ಕಣ್ಣೇ ಹೇಳುತ್ತೆ. ಅರ್ಧ ಗಂಟೆ ಕೆಲಸ.

ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾರಂತೆ. ಬರೆ ಹಾಕಿಸ್ಕೊಂಡ ಎಮ್ಮೆ ಕಾಗದ ಬರೆದಿದೆ, ಓದಿ.

ಇಕ್ಕಳ
(ಈ ಹೆಸರೂ ನೀವೇ ಇಟ್ಟಿದ್ದು. ಇದನ್ನೂ ಕೆರೀತೀರಾ?)


ಮೇ 19

ಇಕ್ಕಳಳಿಗೆ,

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನೀನು ಡಬ್ಬಿ ಡೊಂಕು ಎನ್ನುತ್ತಿದ್ದೀ.

ಮೂವತ್ತೊಂದು ವರ್ಷಗಳಿಂದ ಆ ಕಪಾಟನ್ನು ಜೋಡಿಸುತ್ತಿರುವವನು ನಾನು. ‘ಒಂದು ಅಂಕಿಗೆ ಒಂದು ಡಬ್ಬಿ’ ಎಂದು ಗೋಡೆಯ ಮೇಲೆ ಬರೆಸಿದವನು ನಾನು. ಕಣ್ಣಿಗೆ ಬಟ್ಟೆ ಕಟ್ಟಿದರೂ ಯಾವ ಡಬ್ಬಿಯಲ್ಲಿ ಏನಿದೆ ಎಂದು ಹೇಳಬಲ್ಲೆ. ಹತ್ತರ ಡಬ್ಬಿಯಲ್ಲಿ ಇರುವವರೆಲ್ಲ ಕಾವಲುಗಾರರೇ. ಸಾಧಾರಣ ಹತ್ತುಗಳು ಅಭ್ಯಾಸದ ಮೇಜಿನ ತಟ್ಟೆಯಲ್ಲಿರುತ್ತವೆ, ಮತ್ತು ಆ ತಟ್ಟೆ ನಿನ್ನ ಸ್ಟೂಲಿನಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಎದ್ದು ಕಪಾಟಿನವರೆಗೆ ಹೋಗುವ ಬದಲು ಕೈ ಚಾಚಿದ್ದೀ. ಅಷ್ಟೇ ನಡೆದದ್ದು.

ಜನವರಿಯಲ್ಲಿ ನಾನು ಹಾಗೆ ಹೇಳಿದೆನೆಂಬುದು ನನಗೆ ನೆನಪಿಲ್ಲ. ಡಬ್ಬಿಯನ್ನು ಸುರಿಯುವುದೂ ಇಲ್ಲ. ತಪ್ಪು ಮಾಡಿದವರು ಬೆರಳು ತೋರಿಸಿದಾಗಲೆಲ್ಲ ಕಪಾಟು ಸುರಿಯುತ್ತಾ ಹೋದರೆ ಶಾಲೆ ನಡೆಯುವುದಿಲ್ಲ, ಗುಜರಿ ಅಂಗಡಿ ನಡೆಯುತ್ತದೆ.

ನೀನು ಎಂಟು ವರ್ಷದವಳಿದ್ದಾಗ ನನ್ನ ಮೇಜಿನ ಕೆಳಗೆ ಕುಳಿತು, ಬಿದ್ದ ಸ್ಕ್ರೂಗಳನ್ನು ಆರಿಸಿ ಅಳತೆವಾರು ಜೋಡಿಸಿ ಕೊಡುತ್ತಿದ್ದೆ. ಅಂದು ನಿನ್ನ ತಂದೆಗೆ ಹೇಳಿದ್ದೆ, “ಇವಳನ್ನು ನನಗೆ ಬಿಡು, ನನಗಿಂತ ದೊಡ್ಡ ಕೈಯಾಗುತ್ತಾಳೆ” ಎಂದು. ಸಿಟ್ಟು ಇಷ್ಟು ದೊಡ್ಡದಿರುವುದು ಅದಕ್ಕೇ.

ಬೆಸುಗೆ ಮೇಷ್ಟ್ರು


ಜೂನ್ 30

ಮೇಷ್ಟ್ರಿಗೆ,

ನಿಮ್ಮ ಪ್ರಚಾರ ಚೆನ್ನಾಗಿ ಕೆಲಸ ಮಾಡಿದೆ. ಆರು ದುರಸ್ತಿ ಅಂಗಡಿ ಹತ್ತಿ ಇಳಿದೆ. ಐದು ಕಡೆ “ನೀನೇನಾ ಅತ್ತೆ ಕೈ ಸುಟ್ಟವಳು?” ಅಂದ್ರು. ಆರನೆಯವನು ಕೇಳಲೂ ಇಲ್ಲ, ಷಟರ್ ಎಳೆದ.

ಈಗ ಬಸ್ ನಿಲ್ದಾಣದ ಎದುರು ಚಾರ್ಜರು, ವಯರು ಮಾರೋ ಅಂಗಡಿಯಲ್ಲಿದ್ದೀನಿ. ಇಲ್ಲಿ ಪೆಟ್ಟಿಗೆಗಳು ಗರಿ ಥರ ಹಗುರ. ಒಂದನ್ನ ಬಿಚ್ಚಿದೆ. ಕಾವಲುಗಾರನ ಜಾಗದಲ್ಲಿ ಬರೀ ತಂತಿ. ಗೋಡೆ ಕರೆಂಟಿಗೂ ನಾವು ಮುಟ್ಟೋ ವಯರಿಗೂ ನಡುವೆ ಬಿಡಬೇಕಾದ ಅಂತರ ಎಳ್ಳಿನಷ್ಟೂ ಇಲ್ಲ. ಯಜಮಾನನಿಗೆ ತೋರಿಸಿದೆ.

“ಹಗುರ ಇದ್ರೆ ಜೇಬಿಗೆ ಒಳ್ಳೇದಲ್ವೇನಮ್ಮ?” ಅಂದ.

“ಜೇಬಿಗೆ ಒಳ್ಳೇದು ಸರ್, ಜೀವಕ್ಕಲ್ಲ.”

“ನೀನು ಮಾರೋಕೆ ಬಂದಿದ್ದೀಯೋ, ಗಿರಾಕಿ ಓಡಿಸೋಕೆ ಬಂದಿದ್ದೀಯೋ?”

ಎರಡೂ ಮಾಡ್ತಿದ್ದೀನಿ. ಕೆಟ್ಟದ್ದು ಹಿಡ್ಕೊಂಡು ದಿನಾ ಜನ ಬರ್ತಾರೆ. ಒಬ್ಬಾಕೆ ಪೆಟ್ಟಿಗೇನ ದಿಂಬಿನ ಕೆಳಗೆ ಇಡ್ತಾಳಂತೆ, ತಣ್ಣಗಿರಲಿ ಅಂತ! ಒಬ್ಬ ತಾತ, ವಯರು ಕುತ್ತಿಗೆ ಹತ್ರ ಮುರಿದು ತಾಮ್ರ ಹಲ್ಲು ಕಿರಿಯೋ ಹಾಗಾಗಿದ್ದಕ್ಕೆ ಗಾಯದ ಪಟ್ಟಿ ಸುತ್ತಿ ತಂದಿದ್ದ. “ಅದಕ್ಕೂ ನೋವಾಗುತ್ತಲ್ಲ ಮಗಾ” ಅಂದ. ನಕ್ಕು ಸಾಕಾಯ್ತು, ಆಮೇಲೆ ಅದನ್ನ ಕತ್ತರಿಸಿ ಎಸೆದೆ. ಇನ್ನೊಬ್ಬ ಹನ್ನೆರಡು ವೋಲ್ಟಿನ ಪೆಟ್ಟಿಗೇನ ಐದು ವೋಲ್ಟಿನ ಸಾಮಾನಿಗೆ ಚುಚ್ಚಿ, “ಪಿನ್ನು ಸರಿಯಾಗೇ ಕೂತಿತ್ತಲ್ರೀ” ಅಂತ ನನ್ನನ್ನೇ ಗದರಿದ. ಸಾಕೆಟ್ಟು ಸಡಿಲ ಇದ್ದು ಒಳಗೆ ಚಟಚಟ ಅಂತಿದ್ರೂ ರೇಡಿಯೊ ಕೇಳಿದ ಹಾಗೆ ಕೇಳ್ತಾ ಕೂತವರೂ ಇದ್ದಾರೆ.

ಎಲ್ಲರಿಗೂ ನಿಮ್ಮ ಪಾಠಾನೇ ಒಪ್ಪಿಸ್ತೀನಿ. ಗಾಳಿ ಆಡದಿದ್ರೆ ಬಿಸಿಯಾಗುತ್ತೆ. ಬಿಸಿಗೆ ಒಳಗಿನ ಕೆಪಾಸಿಟರ್ ಒಣಗುತ್ತೆ, ತಲೆ ಉಬ್ಬಿಸುತ್ತೆ. ಒಂದು ದಿನ ಪಕ್ಕದವರನ್ನೂ ಕರ್ಕೊಂಡು ಸಾಯುತ್ತೆ. ಅವತ್ತು ಬಾಗಿಲಲ್ಲಿ ಕಾವಲುಗಾರ ಇರಬೇಕು.

ನಿನ್ನೆ ಇದನ್ನ ಯಾರಿಗೋ ಹೇಳ್ತಾ ಹೇಳ್ತಾ ಒಂದು ಹೊಳೀತು. ಹೋದ ವರ್ಷ ಜನವರಿಯಿಂದ ಇವತ್ತಿನವರೆಗೆ ಏಳು ಮೇಜಿನವರೂ ಆ ಡಬ್ಬಿಗೇ ಕೈ ಹಾಕಿದ್ದೀವಿ. ಅತ್ತೆ ಮನೇದು ಒಂದೇ ಅಲ್ಲ ಮೇಷ್ಟ್ರೇ. ತಪ್ಪು ನನ್ನದೋ ನಿಮ್ಮದೋ ಆಮೇಲೆ ಕಿತ್ತಾಡೋಣ, ಆಯುಷ್ಯ ಇದೆ. ಈಗ ಎಷ್ಟು ಮನೆ ಗೋಡೆಯಲ್ಲಿ ಅದು ಕಚ್ಕೊಂಡು ಕೂತಿದೆ? ಕೂಸು ಮಲಗಿರೋ ಕೋಣೆ ಎಷ್ಟು?

ನಿಮ್ಮ ಮರ್ಯಾದೆ ದೊಡ್ಡದಿರಬಹುದು. ಅಷ್ಟು ಮನೆ ಮುಚ್ಚೋವಷ್ಟು ದೊಡ್ಡದಲ್ಲ.

ಇಕ್ಕಳ


ಜುಲೈ 9

ಇಬ್ಬರಿಗೂ ಒಂದೇ ಕಾಗದ. ಒಂದನ್ನ ತಮ್ಮ ಓದಲಿ, ಇನ್ನೊಂದನ್ನ ಸೊಸೆ ಓದಲಿ ಅಂತ ಎರಡು ಸಲ ಬರೆಯೋ ಶಕ್ತಿ ಈ ಎಡಗೈಗಿಲ್ಲ. ಓದಿ ದಾಟಿಸಿ.

ಅಕ್ಷರ ಕೋಳಿ ಕೆದಕಿದ ಹಾಗಿದೆ, ನಗಬೇಡಿ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾರೆ. ಗುರು ಶಿಷ್ಯೆ ಜಗಳದಲ್ಲಿ ನನ್ನ ಬೆರಳು ಬಡವಾಗಿದೆ. ಇವನು ಬಂದು “ಅವಳು ಸುಟ್ಟಳು” ಅಂತಾನೆ. ಅವಳು ಬಂದು “ಅವರು ಸುಟ್ಟರು” ಅಂತಾಳೆ. ಸುಟ್ಟುಕೊಂಡವಳು ನಾನು ಇಲ್ಲೇ ಕೂತಿದ್ದೀನಿ, ನನ್ನನ್ನ ಯಾರಾದ್ರೂ ಕೇಳಿದ್ರಾ?

ಅವತ್ತು ಮಧ್ಯಾಹ್ನ ಆ ಅಡಾಪ್ಟರ್ ಮೇಲೆ ಶಾಲೆ ಮಕ್ಕಳ ಸಮವಸ್ತ್ರದ ರಾಶಿ ಹಾಕಿದ್ದೆ. ನಲವತ್ತು ಅಂಗಿ. ಜಾಗ ಇರಲಿಲ್ಲ. ವಾಸನೆ ಬಂತು, ಇಸ್ತ್ರಿ ಪೆಟ್ಟಿಗೆ ಇರಬೇಕು ಅಂದ್ಕೊಂಡೆ. ರಾಶಿ ಎತ್ತಿದ್ರೆ ಹೊಗೆ. ಸ್ವಿಚ್ ಆರಿಸೋದು ಬಿಟ್ಟು ಪೆಟ್ಟಿಗೆಗೇ ಕೈ ಹಾಕಿದೆ, ಮಕ್ಕಳ ಅಂಗಿ ಸುಡುತ್ತಲ್ಲ ಅಂತ. ಪ್ಲಾಸ್ಟಿಕ್ಕು ಕರಗಿ ಬೆರಳಿಗೆ ಅಂಟ್ತು. ಅಂದ್ರೆ ನನ್ನ ಪಾಲೂ ಇದೆ. ನಾನು ಒಪ್ಕೊಂಡೆ. ಒಪ್ಕೊಂಡಿದ್ದಕ್ಕೆ ತಲೆ ಮೇಲೆ ಆಕಾಶ ಬೀಳಲಿಲ್ಲ.

ತಮ್ಮಾ, ನಿನ್ನ ಕಪಾಟು ನಿನಗೆ ದೇವರ ಗೂಡು. ಚಿಕ್ಕಂದಿನಲ್ಲಿ ಗೋಲಿ ಎಣಿಸಿ ಇಡ್ತಿದ್ದೆ, ಒಂದು ಕಮ್ಮಿಯಾದ್ರೆ ನನ್ನನ್ನ ಕಳ್ಳಿ ಅಂತಿದ್ದೆ. ಸಿಕ್ಕಿದ್ದು ನಿನ್ನ ಚಡ್ಡಿ ಜೇಬಲ್ಲಿ.

ಇಕ್ಕಳಾ, ನೀನು ಬಾಯಿ ಮುಚ್ಕೊಂಡಿದ್ದು ಯಾಕೆ? ಒಂದು ಸಲ ನಕ್ಕರು ಅಂತ? ನಾನು ನಿನ್ನ ಜಾಗದಲ್ಲಿ ಇದ್ದಿದ್ರೆ ಆ ಡಬ್ಬೀನ ಇವನ ತಲೆ ಮೇಲೆ ಸುರೀತಿದ್ದೆ.

ಒಂದು ಗುಂಡಿ ಹೊಲಿಯೋಕೆ ನಿನ್ನೆ ಒಂದು ಗಂಟೆ ಹಿಡೀತು. ಆದ್ರೂ ಹೊಲಿದೆ.

ಇಬ್ಬರ ಮೇಲೂ ಸಿಟ್ಟಿರೋ,
ನಿಮ್ಮ ಹೊಲಿಗೆಯವಳು


ಆಗಸ್ಟ್ 2

ಚಿರಂಜೀವಿ ಇಕ್ಕಳಳಿಗೆ,

ಈ ಪತ್ರವನ್ನು ನಾಲ್ಕು ಬಾರಿ ಹರಿದಿದ್ದೇನೆ. ಇದು ಐದನೆಯದು. ಆದ್ದರಿಂದ ನಡೆದದ್ದನ್ನಷ್ಟೇ ಬರೆಯುತ್ತೇನೆ.

ನಿನ್ನೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಸಾರ್ವಜನಿಕ ಗ್ರಂಥಾಲಯದ ಮೇಡಂ ಒಂದು ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಿ ಬಂದರು. ಮಕ್ಕಳ ಓದುವ ಕೋಣೆಯಲ್ಲಿ ಇಂಟರ್ನೆಟ್ ಪೆಟ್ಟಿಗೆಯ ಅಡಾಪ್ಟರಿನಿಂದ ಹೊಗೆ ಎದ್ದಿತಂತೆ. ಅವರು ಕಿರುಚಲಿಲ್ಲ, ಅದನ್ನು ಮುಟ್ಟಲೂ ಇಲ್ಲ. ನೇರ ಹೋಗಿ ಮೇನ್ ಸ್ವಿಚ್ ಇಳಿಸಿ, ಮಕ್ಕಳನ್ನು ಹೊರಗೆ ಕಳಿಸಿ, ಆಮೇಲೆ ಪ್ಲಗ್ ಕಿತ್ತರು. ಹದಿನಾಲ್ಕು ಮಕ್ಕಳಿದ್ದರಂತೆ. “ಯಾರಿಗೂ ಏನೂ ಆಗಿಲ್ಲ ಮೇಷ್ಟ್ರೇ, ಗಾಬರಿಯಾಗಬೇಡಿ. ಇದರ ಮೇಲೆ ನಿಮ್ಮ ಶಾಲೆಯ ಮುದ್ರೆ ಇದೆ, ಅದಕ್ಕೆ ತಂದೆ” ಎಂದರು. ನನ್ನ ಮುಖ ಹೇಗಿತ್ತೋ, ಕೊನೆಗೆ ಅವರೇ ನನಗೆ ನೀರು ತಂದುಕೊಟ್ಟರು.

ಬಿಚ್ಚಿದೆ. ಬಾಗಿಲಿನ ರೆಸಿಸ್ಟರ್ ಕರಿಯಾಗಿತ್ತು, ತುಂಡಾಗಿರಲಿಲ್ಲ. ಸರ್ಕ್ಯೂಟ್ ಹಲಗೆಯಲ್ಲಿ ಉಗುರಿನಷ್ಟು ತೂತು. ಮೇಲಿನ ಮುಚ್ಚಳಕ್ಕೆ ಅಂಟಿದ್ದ ಚೀಟಿಯ ಅಂಚು ಕಂದಿತ್ತು, ಬರಹ ಸ್ಪಷ್ಟವಾಗಿತ್ತು. ಹೋದ ಡಿಸೆಂಬರ್ ಹನ್ನೆರಡು. ಒಂದು ವೃತ್ತ, ನಡುವೆ ಒಂದು ಚುಕ್ಕೆ.

ಅದು ಯಾರ ಗುರುತೆಂದು ನಿನಗೆ ಹೇಳಬೇಕಾಗಿಲ್ಲ.

ನಾನು ತಟ್ಟೆಗೆ ಕೈ ಚಾಚಿರಲಿಲ್ಲ. ಎದ್ದು ಕಪಾಟಿನವರೆಗೆ ಹೋಗಿದ್ದೆ. ಮೀಟರ್ ಇಟ್ಟು ಅಳೆದಿದ್ದೆ. ಬಣ್ಣ ಓದಿದ್ದೆ.

ಶಾಲೆಯ ಬಾಗಿಲು ಹಾಕಿದ್ದೇನೆ. ಡಬ್ಬಿ ಮೇಜಿನ ಮೇಲಿದೆ. ಅದನ್ನು ತೆರೆಯುವ ಮೊದಲು ನಿನಗೆ ಬರೆಯಬೇಕೆನಿಸಿತು. ನಾನು ನಿನಗೆ ಮಾಡಿದ ಅನ್ಯಾಯಕ್ಕೆ ಕ್ಷಮೆ

(ವಾಕ್ಯ ಮುಗಿಸಲು ಆಗುತ್ತಿಲ್ಲ.)

ನಿನ್ನ ದೊಡ್ಡಪ್ಪ


ಆಗಸ್ಟ್ 5

ಮೇಷ್ಟ್ರಿಗೆ,

ಆ ವಾಕ್ಯ ಮುಗಿಸಬೇಡಿ. ನನಗೆ ಬೇಡ.

ಮೂರು ತಿಂಗಳು. ಮೇ ಹನ್ನೊಂದಕ್ಕೆ ಅರ್ಧ ಗಂಟೆ ಕೆಲಸ ಅಂತ ಬರೆದಿದ್ದೆ. ನಾನು ಬರೆದಾಗ ಸುರಿಯದ ಡಬ್ಬಿ, ನಿಮ್ಮ ಗುರುತು ಕಂಡಾಗ ಮೇಜಿಗೆ ಬಂತು. ಚೀಟಿಯಲ್ಲಿ ಬೇರೆ ಯಾರದ್ದಾದ್ರೂ ಗುರುತು ಇದ್ದಿದ್ರೆ? ಇನ್ನೊಂದು ಸ್ಟೂಲು ಮೆಟ್ಟಿಲ ಕೆಳಗೆ ಹೋಗ್ತಿತ್ತು, ಅಷ್ಟೇ ತಾನೇ? ಹದಿನಾಲ್ಕು ಮಕ್ಕಳು. ಆ ಮೇಡಂಗೆ ತಲೆ ನೆಟ್ಟಗಿತ್ತು, ಬದುಕಿದ್ರಿ.

ಕ್ಷಮೆ ಕೇಳೋಕೆ ಬಾಗಿಲು ಹಾಕ್ಕೊಂಡು ಕೂರೋ ಸಮಯ ಅಲ್ಲ ಇದು. ನನಗೆ ಬೇಕಾಗಿರೋದು ಪಟ್ಟಿ. ಹೋದ ವರ್ಷ ಜನವರಿಯಿಂದ ನಮ್ಮ ಶಾಲೆಗೆ ಬಂದು ಹೋದ ಪ್ರತಿ ಅಡಾಪ್ಟರ್, ಯಾರ ಮನೆ, ಯಾವ ಬೀದಿ. ಟೋಕನ್ ಪುಸ್ತಕದಲ್ಲಿ ಎಲ್ಲ ಇದೆ. ಕಳಿಸಿ. ಕಳಿಸೋ ಮೊದಲು ನೀವೇ ಹೊರಡಿ. ನೀವೇ ಬಾಗಿಲು ತಟ್ಟಿ. ಎಳೆಯರನ್ನ ಕಳಿಸಬೇಡಿ. “ನಮ್ಮ ಹುಡುಗರು ತಪ್ಪು ಮಾಡಿದ್ರು” ಅನ್ನಬೇಡಿ.

ಏನು ಹೇಳಬೇಕು ಅಂತ ಗೊತ್ತಾಗದಿದ್ರೆ ಇದನ್ನ ಬಾಯಿಪಾಠ ಮಾಡಿ: “ನಾನು ಕೆಡಿಸಿದ್ದೀನಿ. ಈಗಲೇ ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಕೊಡಿ.”

ಇಕ್ಕಳ


ಆಗಸ್ಟ್ 21

ಇಕ್ಕಳಳಿಗೆ,

ಪಟ್ಟಿ ಇದರೊಂದಿಗಿದೆ. ಇನ್ನೂರ ಅರವತ್ತನಾಲ್ಕು ಅಡಾಪ್ಟರುಗಳು.

ಡಬ್ಬಿಯನ್ನು ಬಿಳಿ ಬಟ್ಟೆಯ ಮೇಲೆ ಸುರಿದೆ. ಗಾಜಿನ ಹಿಂದೆ ಇಪ್ಪತ್ತನ್ನು ಪರೀಕ್ಷಿಸಿದೆ. ಹನ್ನೊಂದು ಸದ್ದಿಲ್ಲದೆ ತುಂಡಾದವು. ಒಂಬತ್ತು ಉರಿದವು. ಉರಿಯುವ ಮೊದಲು ಇಪ್ಪತ್ತೂ ಒಂದೇ ತಾಯಿಯ ಮಕ್ಕಳಂತಿದ್ದವು. ಅದೇ ಪಟ್ಟಿ, ಅದೇ ಮೈಬಣ್ಣ, ಮೀಟರಿನಲ್ಲಿ ಅದೇ ಹತ್ತು. ಸುಡದೆ ಬೇರ್ಪಡಿಸುವ ದಾರಿ ನನಗೆ ಕಾಣಲಿಲ್ಲ. ಆದ್ದರಿಂದ ಯಾವ ಮನೆಯಲ್ಲಿ ಯಾವುದಿದೆ ಎಂದು ನಾವು ಹೇಳಲಾರೆವು. ಎಲ್ಲವನ್ನೂ ತೆರೆಯಲೇಬೇಕು. ಪೊಟ್ಟಣದ ಮೇಲಿನ ಲೇಬಲ್ಲು ಮಾತ್ರ ಅವುಗಳ ಗುಣ ಹೇಳುತ್ತಿತ್ತು. ಆ ಲೇಬಲ್ಲನ್ನು ಕಸದ ಬುಟ್ಟಿಗೆ ಹಾಕಿದ ಕೈ ನನ್ನದು. ಜನವರಿಯ ಮಾತು ಈಗ ನೆನಪಿದೆ. ಮೇ ತಿಂಗಳಲ್ಲಿ ನೀನು ಬರೆದಾಗಲೂ ಮರೆತಿರಲಿಲ್ಲವೇನೋ.

ಗೋಡೆಯ ಮೇಲಿನ ‘ಒಂದು ಅಂಕಿಗೆ ಒಂದು ಡಬ್ಬಿ’ಯನ್ನು ಅಳಿಸಿದ್ದೇನೆ.

ನೀನು ಬರೆದುಕೊಟ್ಟ ವಾಕ್ಯವನ್ನು ಈವರೆಗೆ ನೂರಾ ಎಪ್ಪತ್ತು ಬಾಗಿಲುಗಳಲ್ಲಿ ಹೇಳಿದೆ. ಮೊದಲ ಹತ್ತು ಬಾಗಿಲುಗಳಲ್ಲಿ ನಿನ್ನ ಪತ್ರ ನೋಡಿಕೊಂಡೇ ಓದಿದೆ. ಬೇಕರಿಯವನು, “ಕೆಡಿಸಿದವರೂ ನೀವೇ, ಸರಿ ಮಾಡೋರೂ ನೀವೇ, ಒಳ್ಳೆ ವ್ಯವಹಾರ ಸ್ವಾಮಿ!” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಒಬ್ಬ ತಾಯಿ ಒಳಗೆ ಹೋಗಿ, ಮಗುವಿನ ಹಾಸಿಗೆಯ ಪಕ್ಕದಿಂದ ಕಿತ್ತು ತಂದು, ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟು ಬಾಗಿಲು ಹಾಕಿಕೊಂಡಳು. ಬೈಗುಳ ಸಹಿಸಬಹುದು. ಆ ನೆಲದಿಂದ ಅದನ್ನು ಎತ್ತಿಕೊಳ್ಳುವಾಗ ನನ್ನ ಬೆನ್ನು ಬಹಳ ಹೊತ್ತು ಮೇಲೇಳಲಿಲ್ಲ.

ಆರು ಅಂಗಡಿಗಳಿಗೂ ಹೋಗಿ ನಿನ್ನ ವಿಷಯದಲ್ಲಿ ನಾನು ಹೇಳಿದ್ದು ಸುಳ್ಳೆಂದು ಹೇಳಿ ಬಂದೆ. ಆರನೆಯವನು ನನ್ನೆದುರಿಗೂ ಷಟರ್ ಎಳೆದ.

ಹಲಗೆಯ ಮೇಲೆ ನಿನ್ನ ಗುರುತನ್ನು ಮತ್ತೆ ಬರೆಯಲು ಹೊರಟೆ. ಬರೆದ ಇಕ್ಕಳವು ಕಪ್ಪೆಯಂತಾಯಿತು. ಅಳಿಸಿದೆ. ಕೆರೆದ ಜಾಗ ಹಾಗೆಯೇ ಇದೆ.

ಸೆಪ್ಟೆಂಬರ್ ಹದಿನಾಲ್ಕಕ್ಕೆ ಬಾಗಿಲು ತೆರೆಯಬೇಕೆಂದಿದ್ದೇನೆ. ಹೊಸಬರು ಹನ್ನೊಂದು ಮಂದಿ. ತಂದ ಪೆಟ್ಟಿಗೆಗಳನ್ನೆಲ್ಲ ಆ ದಿನ ಎಲ್ಲರ ಎದುರು ತೆರೆಯಬೇಕು. ನಮ್ಮ ಪತ್ರಗಳನ್ನು ಅವರಿಗೆ ಓದಿಸಬಹುದೇ? ನೀನು ಬರುವೆಯಾ ಎಂದು ಕೇಳುವ ಹಕ್ಕು ನನಗಿಲ್ಲ. ಹಕ್ಕಿಲ್ಲದೆಯೇ ಕೇಳುತ್ತಿದ್ದೇನೆ.

ಬೆಸುಗೆ ಮೇಷ್ಟ್ರು


ಸೆಪ್ಟೆಂಬರ್ 10

ಮೇಷ್ಟ್ರಿಗೆ,

ಓದಿಸಿ. ಒಂದು ಸಾಲೂ ಬಿಡಬಾರದು.

ನಿಮ್ಮ ಪಟ್ಟಿಯಲ್ಲಿ ನೀವು ಮುಟ್ಟದ ಮನೆಗಳಿಗೆ ನಾನು ಹೋದೆ. ಯಜಮಾನ ರಜೆ ಕೊಡಲಿಲ್ಲ, ಕೆಲಸಾನೇ ಬಿಟ್ಟೆ. ಹೋಗೋವಾಗ ಅವನ ಗರಿ ಚಾರ್ಜರ್ ಒಂದನ್ನ ಬಿಚ್ಚಿ ಗಲ್ಲಾ ಪಕ್ಕ ಇಟ್ಟು, ಒಳಗೆ ಚೀಟಿ ಹಾಕಿ ಬಂದೆ: “ಇಲ್ಲಿ ಕಾವಲುಗಾರ ಇಲ್ಲ.”

ನಿಮ್ಮದು, ನನ್ನದು ಸೇರಿ ಇನ್ನೂರ ಮೂವತ್ತಮೂರು ಬಂತು. ಮೂವತ್ತೊಂದು ಸಿಕ್ಕಿಲ್ಲ. ಮನೆ ಬದಲಾಯಿಸಿದವರು, ಯಾರಿಗೋ ಕೊಟ್ಟವರು, ಬಾಗಿಲು ತೆಗೆಯದವರು. ಆ ಮೂವತ್ತೊಂದು ಎಲ್ಲೋ ಗೋಡೆಯಲ್ಲಿವೆ. ನನಗೆ ನಿದ್ದೆ ಕೆಡಿಸೋದು ನೀವಲ್ಲ, ಅವು.

ಒಂದು ನನ್ನ ಮಾತು. ಅತ್ತೆ ಕೇಳಿದ್ದು ಸರಿ. ನನಗೆ ಗೊತ್ತಿತ್ತು. ಪೂರ್ತಿ ಗೊತ್ತಿರಲಿಲ್ಲ, ಅನುಮಾನ ಇತ್ತು. ನಕ್ಕರು ಅಂತ ಹಲ್ಲು ಕಚ್ಕೊಂಡೆ, ಆಮೇಲೆ ಅದೇ ಡಬ್ಬಿಯಿಂದ ತೆಗೆದು ಅತ್ತೆ ಮನೆಗೆ ಹಾಕಿದೆ. ಹದಿನಾಲ್ಕು ತಿಂಗಳು ಸುಮ್ಮನಿದ್ದೆ. ‘ಮೇಷ್ಟ್ರಿಗೆ ಒಂದು ದಿನ ಗೊತ್ತಾಗಲಿ’ ಅಂತ ಒಳಗೊಳಗೇ ಕಾಯ್ತಿದ್ದೆ. ಗೊತ್ತಾಗೋ ದಿನ ಹೇಗಿರುತ್ತೆ ಅಂತ ಯೋಚಿಸಿರಲಿಲ್ಲ. ಇದನ್ನ ಎಲ್ಲರ ಮುಂದೆ ಓದಿಸ್ತೀರಿ ಅಂತ ಗೊತ್ತಿದ್ದೇ ಬರೀತಿದ್ದೀನಿ.

ಬರ್ತೀನಿ. ನಿಮಗೋಸ್ಕರ ಅಲ್ಲ. ನಿಮ್ಮನ್ನ ಮನ್ನಿಸಿಲ್ಲ, ಯಾವತ್ತು ಮನ್ನಿಸ್ತೀನೋ ಗೊತ್ತಿಲ್ಲ, ಕೇಳಬೇಡಿ. ಮೆಟ್ಟಿಲ ಕೆಳಗಿಂದ ನನ್ನ ಸ್ಟೂಲು ನಾನೇ ತರ್ತೀನಿ. ಮೂರನೇ ಮೇಜಲ್ಲಿ ನಿಮ್ಮೆಲ್ಲರಿಗೂ ಬೆನ್ನು ಮಾಡಿ ಕೂತಿರ್ತೀನಿ. ಹಲಗೆ ಮೇಲೆ ನನ್ನ ಗುರುತು ಈಗಲೇ ಬೇಡ. ಆ ಮೂವತ್ತೊಂದು ಬಂದ ಮೇಲೆ ನಾನೇ ಬರ್ಕೋತೀನಿ. ಅಲ್ಲೀವರೆಗೂ ಕೆರೆದ ಜಾಗ ಎಲ್ಲರಿಗೂ ಕಾಣ್ತಾ ಇರಲಿ.

ಅತ್ತೆನೂ ಬರ್ತಾರೆ. ಅವರೊಂದು ಕೆಲಸ ಕೇಳಿ ತಗೊಂಡಿದ್ದಾರೆ. ಮುಚ್ಚೋ ಮೊದಲು ಪ್ರತಿ ಪೆಟ್ಟಿಗೆಗೂ ಹೊಸ ಚೀಟಿ ಎಡಗೈಯಲ್ಲಿ ಬರೆದು ಕೊಡ್ತಾರಂತೆ. ಕೋಳಿ ಕೆದಕಿದ ಹಾಗಿರುತ್ತೆ, ನಗಬೇಡಿ.

ಇನ್ನು, ಇದನ್ನ ಓದ್ತಾ ನಿಂತಿರೋ ಮಗು, ನೀನು ಯಾರೋ ನನಗೆ ಗೊತ್ತಿಲ್ಲ. ಇದು ಕೊನೇ ಹಾಳೆ, ಕೆಳಗಿಡು. ಚಪ್ಪಾಳೆ ಬೇಡ. ಬಾಗಿಲ ಹತ್ರ ಇರೋ ಚೀಲದಿಂದ ಒಂದು ಪೆಟ್ಟಿಗೆ ತಗೋ. ದಪ್ಪ ಕೆಪಾಸಿಟರ್ ಖಾಲಿಯಾಗಿದೆಯಾ ಅಂತ ಮೊದಲು ಮೀಟರ್ ಇಟ್ಟು ನೋಡು, ಆಮೇಲೆ ಬೆರಳು. ಹಳೇ ಚೀಟಿ ಸಿಕ್ಕಿದ್ರೆ ಅದು ಯಾರ ಗುರುತಾದ್ರೂ ಸರಿ, ಗಟ್ಟಿಯಾಗಿ ಹೇಳು. ಹೊಸ ಕಾವಲುಗಾರರು ಪೊಟ್ಟಣದಲ್ಲೇ ಇದ್ದಾರೆ, ಡಬ್ಬಿಗೆ ಸುರಿದಿಲ್ಲ. ಪೊಟ್ಟಣದ ಮೇಲೆ ಬರೆದಿರೋದನ್ನ ಓದು. ಅನುಮಾನ ಬಂದ್ರೆ ಕೂಗು. ಯಾರಾದ್ರೂ ನಕ್ಕರೆ ಇನ್ನೂ ಜೋರಾಗಿ ಕೂಗು, ನಾನು ತಿರುಗಿ ನೋಡ್ತೀನಿ.

ಹೂಂ, ಬಿಚ್ಚು ಮೊದಲನೇದನ್ನ.

ಇಕ್ಕಳ